ಕೊಂಬಿನವರ ಮುಂಬಲ್ಲು

ನವೆಂಬರ್ 9, ಭಾನುವಾರ

ಮತ್ತೆ ತಡ. ಕೊಚ್ಚಿಯ ಸರ್ಜನ್ ಜೋಜಿ ಬರುವಾಗ ಮಧ್ಯಾಹ್ನ. ಭಾನುವಾರವೆಂದರೆ ಅವರಿಗೆ ಊರೂರು ಸುತ್ತಾಟ, ಕಾರಿನ ಡಿಕ್ಕಿಯಲ್ಲೇ ಇಂಪ್ಲಾಂಟ್ ಪೆಟ್ಟಿಗೆ. ದವಡೆ ಮೂಳೆಗೆ ಹಲ್ಲಿನ ಸ್ಕ್ರೂ ಕೂರಿಸಿ ಹೊರಡುತ್ತಾರೆ. ಆಮೇಲಿನ ಗೋಳೆಲ್ಲ ನನ್ನ ಕ್ಲಿನಿಕ್ಕಿಗೆ.

ಇವತ್ತು ಕುಟ್ಟಿಶಂಕರನ್. ದೇವಸ್ಥಾನದ ಉತ್ಸವಗಳಲ್ಲಿ, ಆನೆಗಳ ಮುಂದೆ, ಪಂಚವಾದ್ಯದಲ್ಲಿ ಕೊಂಬು ಊದುವವರು. ಬಸ್ಸಿನಿಂದ ಬಿದ್ದು ಮೇಲಿನ ಮುಂಬಲ್ಲೆರಡೂ ಹೋಗಿವೆ. ಜೋಜಿ ಕೈ ಚೆನ್ನಾಗಿದೆ, ಒಪ್ಪಬೇಕು. ಆದರೆ ಸ್ಕ್ರೂ ಮೇಲೆ ಇವತ್ತೇ ಹಲ್ಲನ್ನೂ ಕೂರಿಸಿಬಿಟ್ಟರು.

"ಮೂಳೆ ತೆಳು ಇದೆ, ಸ್ಕ್ರೂ ಕಚ್ಚಿಕೊಳ್ಳೋವರೆಗೂ ಕಾಯೋಣ. ಇವರು ಹಲ್ಲಿಗೊತ್ತಿ ಕೊಂಬು ಊದ್ತಾರೆ," ಅಂದೆ.

"ಈಗ ಯಾರು ಕಾಯ್ತಾರೆ ಮೇಡಂ? ನೀವೊಳ್ಳೆ ಹಳೇ ಟೀಚರಮ್ಮ."

ಕಿವಿಯಲ್ಲಿ ಫೋನು. ಕೊಂಬು ಅಂದದ್ದು ಕೇಳಿಸಿತೋ ಇಲ್ಲವೋ.

ನವೆಂಬರ್ 18

ಕುಟ್ಟಿಶಂಕರನ್ ಹೊಲಿಗೆ ಬಿಚ್ಚಿದೆ. ಮಾರ್ಚ್‌ವರೆಗೆ ಊದಬೇಡಿ ಅಂತ ಬೇಡಿಕೊಂಡೆ.

"ಉತ್ಸವದ ಸೀಸನ್ನಲ್ಲಿ ಊದದೆ ಆನೆ ಬಾಲ ಹಿಡ್ಕೊಂಡು ನಿಲ್ಲಲಾ, ಮಗಳೇ?"

ಹೆಂಡತಿ ತಂಗಮಣಿ: "ನಿಲ್ಲಿ. ಆನೆಗಾದ್ರೂ ನಿಮ್ಮ ಬುದ್ಧಿ ಗೊತ್ತಾಗ್ಲಿ."

ಜನವರಿ 6

ಎರಡೂ ಅಲ್ಲಾಡುತ್ತಿವೆ. ಕೀವು. ಡಿಸೆಂಬರ್ ಪೂರ್ತಿ ಊದಿದ್ದಾರೆ.

ರೇಗಿದೆ. ಅವರಿಗೆ ನಿಜಕ್ಕೂ ಆಶ್ಚರ್ಯ. "ಕೊಚ್ಚಿ ಡಾಕ್ಟ್ರು ಹೋಗುವಾಗ ಹೇಳಿದ್ರಲ್ಲ... ಗಟ್ಟಿ ಪದಾರ್ಥ ಕಚ್ಚಬೇಡಿ, ಮಿಕ್ಕಿದ್ದೆಲ್ಲ ಮಾಡಿ ಅಂತ. ಕೊಂಬನ್ನ ಕಚ್ಚಲ್ಲ ಮಗಳೇ, ಊದ್ತೀನಿ."

ದೊಡ್ಡ ಡಾಕ್ಟರ ಮಾತು. ನನ್ನದು ಯಾವ ಲೆಕ್ಕ?

ಸ್ಕ್ರೂ ತೆಗೆಯಲು ಬಲವೇ ಬೇಕಾಗಲಿಲ್ಲ. ಜೊತೆಗೆ ಮೂಳೆಯೂ ಹೋಗಿದೆ. ಜೋಜಿಗೆ ಫೋನ್ ಮಾಡಿದೆ. "ಇನ್ನೆರಡು ಹಾಕೋಣ ಬಿಡಿ," ಅಂದರು, ಬಲ್ಬು ಬದಲಿಸುವವರಂತೆ.

ಜನವರಿ 11, ಭಾನುವಾರ

ಇಬ್ಬರನ್ನೂ ಎದುರುಬದುರು ಕೂರಿಸಿದೆ. "ಹೊಸ ಸ್ಕ್ರೂ ಹಾಕಿದ್ರೆ ಊದಬಹುದಾ ಡಾಕ್ಟ್ರೇ?" ಅಂತ ಕುಟ್ಟಿಶಂಕರನ್. ಜೋಜಿ ನನ್ನ ಮುಖ ನೋಡಿದರು. "ಮೇಡಂ ಹೇಳ್ತಾರೆ."

ನಾನು ಬಾಯಿ ಬಿಡಲಿಲ್ಲ. ಬೇಕೆಂದೇ.

ಕೊನೆಗೆ ಜೋಜಿಯೇ, "ಈ ವರ್ಷ ಆಗಲ್ಲ."

"ಮುಂದಿನ ವರ್ಷ?"

"ಹೇಳಕ್ಕಾಗಲ್ಲ."

ಕುಟ್ಟಿಶಂಕರನ್ ತುಟಿ ಒರೆಸಿಕೊಂಡು ಎದ್ದರು. ತಂಗಮಣಿ ಮುಂದೆ ಹೋಗಿ ಬಾಗಿಲು ತೆರೆದರು.

ಫೆಬ್ರವರಿ 20

ಗಾಯ ಮಾಗಿದೆ. ತೆಗೆದು ಹಾಕುವ ಪ್ಲೇಟ್ ಹಲ್ಲು ಮಾಡಿಕೊಟ್ಟೆ. ಕ್ಲಿನಿಕ್ಕಿನ ಹಿತ್ತಲಲ್ಲಿ ನಿಂತು ಊದಿ ನೋಡಿದರು. ಬರೀ ಗಾಳಿ. ಪ್ಲೇಟಿನ ಅಂಚು ಉಜ್ಜಿ ಕೊಟ್ಟೆ. ಸ್ವರ ಬಂತು, ಸಣ್ಣದು, ಸೀಳಿದ್ದು.

"ಕಲಿಸೋಕೆ ಸಾಕು," ಅಂದರು. "ಮೇಳದಲ್ಲಿ ನನ್ನ ಜಾಗಕ್ಕೆ ಪಾಲಕ್ಕಾಡಿನವನು ಬಂದಾಯ್ತು. ಚೆನ್ನಾಗೇ ಊದ್ತಾನೆ."

ನನ್ನನ್ನು ಸಮಾಧಾನ ಮಾಡಲು ಬಂದವರಂತೆ ಹೇಳಿದರು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಫೆಬ್ರವರಿ 21, ಸಂಜೆ

ಜೋಜಿ ಫೋನು. ನಾಳೆ ಭಾನುವಾರ ಬರಲಾ ಅಂತ. ಹೊಸ ಪೇಷಂಟ್ ನನ್ನೆದುರಿಗೇ ಇದ್ದಾರೆ — ಮಗಳ ಮದುವೆಯಂತೆ, ಸ್ಕ್ರೂ ಹಾಕಿದವತ್ತೇ ಹಲ್ಲೂ ಬೇಕಂತೆ.

"ಬನ್ನಿ. ಸ್ಕ್ರೂ ಅಷ್ಟೇ. ಅವತ್ತೇ ಹಲ್ಲು ಕೂರಿಸೋದು ನನ್ನ ಕ್ಲಿನಿಕ್ಕಲ್ಲಿ ಇನ್ನಿಲ್ಲ."

"ಹಂಗಂದ್ರೆ ಪೇಷಂಟ್ ಬೇರೆ ಕಡೆ ಹೋಗ್ತಾರೆ ಮೇಡಂ."

"ಹೋಗ್ಲಿ," ಅಂದೆ.

ಪೇಷಂಟ್ ಆಗಲೇ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು. ಕರೆದು ಕೂರಿಸಿ, ಕುಟ್ಟಿಶಂಕರನ್ ಕಥೆ ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಅವರು ಗೇಟು ದಾಟಿ ಹೋಗಿದ್ದರು.