ಎರಡನೆಯ ಸಾಲಿಗೆ ಮೊದಲು

ಮನೆಯಿಂದ,
ಬುಧವಾರ, ಮಧ್ಯಾಹ್ನ

ನನ್ನ ಕೂಸೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಹಾಸ್ಟೆಲಿನ ನೀರಿಗೆ ಕೂದಲು ಉದುರುತ್ತದೆ ಎನ್ನುತ್ತಿದ್ದೆಯಲ್ಲ, ಈಗ ನಿಂತಿತೇ? ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಎಂದಿನಂತೆ ಅದರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನು ಫೋನು ಎತ್ತುವುದನ್ನು ಬಿಟ್ಟೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ ನೋಡು.

ಈಗ ಬರೆಯುವ ಸಂಗತಿಯನ್ನು ಮೊದಲು ಹೇಳಿದವಳು ನಿನ್ನ ಅಮ್ಮ, ಮೊನ್ನೆ ಭಾನುವಾರ ಸಂಜೆ, ನಮ್ಮ ಬೇಕರಿಯ ಮೆಟ್ಟಿಲ ಮೇಲೆ ಕೂತು. ಕೇಳುತ್ತಿದ್ದವರು ನಾನು, ನಿನ್ನ ಅಪ್ಪ, ಎದುರುಮನೆಯ ಹೊಲಿಗೆಯವಳು, ಮತ್ತೆ ಪಕ್ಕದಂಗಡಿಯಲ್ಲಿ ಕ್ಷೌರ ಮಾಡುವ, ಮಾತು ನಿಲ್ಲಿಸದ್ದಕ್ಕೆ ಊರೆಲ್ಲ ರೇಡಿಯೊ ಎಂದು ಕರೆಯುವ ನಮ್ಮ ಹುಡುಗ. ಅಪ್ಪನ ಬಲಗೈಯ ಬೆರಳುಗಳು ಹೋದಾಗಿನಿಂದ ಅವಳು ಆ ದಿನದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಈ ಭಾನುವಾರ ಮಧ್ಯಾಹ್ನ ನಿನ್ನ ಮೆಸೇಜು ಬಂತು. ಓದು ಬಿಡುತ್ತೇನೆ, ತಿಂಗಳ ಕೊನೆಗೆ ಹಾಸ್ಟೆಲೂ ಬಿಡುತ್ತೇನೆ, ಎಲ್ಲಿಗೆ ಅಂತ ಕೇಳಬೇಡಿ, ಅಪ್ಪನ ಕೈ ತೆಗೆದವಳು ನಾನೇ ಎಂದು ಬರೆದಿದ್ದೆ. ಅಮ್ಮ ಅದನ್ನು ನಮಗೆಲ್ಲ ಓದಿ ಹೇಳಿ, ಫೋನನ್ನು ಮಗುಚಿಟ್ಟು, ಆಮೇಲೆ ಬಾಯಿ ಬಿಟ್ಟಳು.

ನೀನು ತಾಂತ್ರಿಕ ಬರವಣಿಗೆ ಓದಲು ವಿಶ್ವವಿದ್ಯಾಲಯಕ್ಕೆ ಹೋದಾಗ ರೇಡಿಯೊ ನನ್ನನ್ನು ಕೇಳಿದ್ದ, ಏನಜ್ಜಾ, ಮೊಮ್ಮಗಳೂ ನಿಮ್ಮ ಹಾಗೆ ಕಥೆ ಕಟ್ತಾಳಾ ಅಂತ. ಇಲ್ಲಪ್ಪ, ಸ್ಕ್ರೂ ಯಾವ ಕಡೆ ತಿರುಗಿಸ್ಬೇಕು ಅಂತ ಬರೀತಾಳೆ ಅಂದೆ. ಅದಕ್ಕೂ ಕಾಲೇಜು ಬೇಕಾ ಅಂದ. ನಿನ್ನ ಅಪ್ಪ ಮಾತ್ರ ನಗಲಿಲ್ಲ. ಹಿಟ್ಟು ನಾದುವ ಹೊಸ ಯಂತ್ರದ ಜೊತೆ ಬಂದ ಪುಸ್ತಕ ನಮಗೆ ಬಾರದ ಭಾಷೆಯಲ್ಲಿತ್ತು. ಅದನ್ನು ತೊಳೆಯುವ ಕ್ರಮವನ್ನು ನೀನು ನಿನ್ನ ಕ್ಲಾಸಿನ ಕೆಲಸವಾಗಿ ನಮ್ಮ ಮಾತಿನಲ್ಲಿ ಬರೆದೆ. ಕ್ಲಾಸಿನ ಹುಡುಗಿಯರು ಮೇಲಿನಿಂದ ಕೆಳಗಿನವರೆಗೂ ಓದಿ ಚೆನ್ನಾಗಿದೆ ಅಂದರು, ಮೇಷ್ಟ್ರೂ ಒಪ್ಪಿದರು. ನಿನ್ನ ಅಪ್ಪನೋ, ಔಷಧಿ ಸೀಸೆಯ ಮೇಲೆ ಎರಡು ಚಮಚ ಅಂತ ಬರೆದಿದ್ದರೆ ಮೂರು ಕುಡಿಯುವವನು. ಜನ್ಮದಲ್ಲಿ ಯಾವ ಕಾಗದದ ಮಾತನ್ನೂ ಕೇಳಿದವನಲ್ಲ. ನಿನ್ನ ಹಾಳೆಗೆ ಮಾತ್ರ ಗಾಜು ಹಾಕಿಸಿ ಗೋಡೆಗೆ ಏರಿಸಿದ. ಬಂದ ಗಿರಾಕಿಗಳಿಗೆಲ್ಲ ಬನ್ನಿಗಿಂತ ಮೊದಲು ಅದನ್ನೇ ತೋರಿಸಿದ.

ಬೆರಳು ಹೋದ ಆ ದಿನ ಸಂಜೆ ಮೊದಲ ಸಲ ಯಂತ್ರ ತೊಳೆಯಬೇಕಾಗಿತ್ತು. ಅಪ್ಪ ಅಮ್ಮನನ್ನು ಹಾಳೆಯ ಮುಂದೆ ನಿಲ್ಲಿಸಿ, ಮಗಳು ಬರೆದಿದ್ದಾಳೆ, ಅಕ್ಷರ ತಪ್ಪದ ಹಾಗೆ ಮಾಡ್ಬೇಕು, ನೀನು ಓದ್ತಾ ಹೋಗು, ನಾನು ಮಾಡ್ತಾ ಹೋಗ್ತೀನಿ ಅಂದನಂತೆ. ಹಳೆಯ ಯಂತ್ರ ನಿಂತರೆ ನಿಂತ ಹಾಗೆಯೇ. ಇದು ಸ್ವಲ್ಪ ನಾದಿ, ಹಿಟ್ಟಿಗೆ ಸುಧಾರಿಸಿಕೊಳ್ಳಲು ಬಿಟ್ಟು, ತಾನಾಗಿ ಮತ್ತೆ ತಿರುಗುವಂಥದ್ದು. ಹಿಟ್ಟು ತೆಗೆದಾಗಿದೆ ಎಂದು ಅದಕ್ಕೇನು ಗೊತ್ತು? ಯಂತ್ರ ನಿಂತ ಮೇಲೆ ಒಳಗೆ ಕೈ ಹಾಕಿ ಕೊಕ್ಕೆಗೆ ಅಂಟಿದ ಹಿಟ್ಟನ್ನು ಬಿಡಿಸಿ ಎಂದು ಅಮ್ಮ ಓದಿದಳು. ಅಪ್ಪ ಕೈ ಹಾಕಿದ. ಕೈ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಿರಬೇಕು ಎಂಬುದು ಅದರ ಕೆಳಗಿನ ಸಾಲು. ಪೂರ್ತಿ ಓದಿಕೊಂಡು ಕೆಲಸಕ್ಕೆ ಇಳಿಯುವವರಿಗೆ ಅದು ಸಿಗುತ್ತಿತ್ತು. ಒಬ್ಬರು ಓದಿ ಇನ್ನೊಬ್ಬರು ಮಾಡುವ ಮನೆಯೂ ಇರುತ್ತದೆ ಎಂದು ನಿಮ್ಮ ಕ್ಲಾಸಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನಿನಗೂ ಹೊಳೆಯಲಿಲ್ಲ.

ಒಂದೇ ಉಸಿರಿಗೆ ಓದಿದ್ರೆ ಆಗ್ತಿತ್ತು, ಬನ್ ಇದೆಯಾ ಅಂತ ಕೌಂಟರಿನಿಂದ ಯಾರೋ ಕೂಗಿದ್ರು, ಇದೆ ಅಂತ ತಿರುಗಿದೆ, ತಿರುಗಿದ್ದು ಅಷ್ಟೇ ಅಂದಳು ನಿನ್ನ ಅಮ್ಮ. ಅಪ್ಪ ರೇಗಿದ. ಏನೇ ಮಾತಾಡ್ತೀಯ, ಕೈ ಯಾರದು, ಹಾಕಿದ್ದು ಯಾರು? ಅಷ್ಟರಲ್ಲಿ ನಮ್ಮ ರೇಡಿಯೊ, ಎಂದೂ ಆರದ ರೇಡಿಯೊ, ತಗ್ಗಿಸಿದ ದನಿಯಲ್ಲಿ, ಆ ಬನ್ನು ಕೇಳಿದೋನು ನಾನೇ ಅಣ್ಣಾ, ಇಷ್ಟು ದಿನ ಹೇಳೋಕೆ ಧೈರ್ಯ ಆಗ್ಲಿಲ್ಲ ಅಂದ. ಆಮೇಲೆ ಮೂವರೂ ನಂದು, ನಂದು ಅಂತ ಶುರುಮಾಡಿದರು. ಆಸ್ತಿ ಪಾಲಿನ ಜಗಳಗಳನ್ನು ನಾನು ಬೇಕಾದಷ್ಟು ಬಿಡಿಸಿದ್ದೇನೆ ಕೂಸೇ, ತಪ್ಪು ಪೂರ್ತಿ ನನಗೇ ಇರಲಿ ಎಂದು ಹೊಡೆದಾಡುವವರನ್ನು ಕಂಡದ್ದು ಇದೇ ಮೊದಲು. ಹೊಲಿಗೆಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳಿಗೆ ಯಾವ ಪಾಲೂ ಇರಲಿಲ್ಲ.

ನಿನ್ನದು ಏನೂ ತಪ್ಪಿಲ್ಲ ಎಂದು ನಾನು ಬರೆಯುವುದಿಲ್ಲ. ಬರೆದರೆ ನೀನು ನಂಬುವುದಿಲ್ಲ, ಅಜ್ಜ ಕಥೆ ಹೇಳುತ್ತಾನೆ ಅನ್ನುತ್ತೀಯ. ಮೇಲಿರಬೇಕಾದ ಸಾಲು ಕೆಳಗಿತ್ತು, ಅದು ನಿಜ. ಆದರೆ ಇಡೀ ಹೊರೆಯನ್ನು ನೀನೊಬ್ಬಳೇ ಎತ್ತಿಕೊಂಡು ಹೊರಟುಹೋದರೆ ಇಲ್ಲಿ ಉಳಿದವರು ಖಾಲಿ ತೋಳು ಇಳಿಬಿಟ್ಟು ಕೂರಬೇಕೇ? ಈಗ ಅಮ್ಮನೇ ಕೈಯಲ್ಲಿ ಹಿಟ್ಟು ನಾದುತ್ತಾಳೆ. ಅಪ್ಪ ಪಕ್ಕದಲ್ಲಿ ನಿಂತು, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಎಡಗೈಯ ಬೆರಳಿಂದ ಒತ್ತಿ ನೋಡಿ, ಇನ್ನೂ ಸ್ವಲ್ಪ ಅನ್ನುತ್ತಾನೆ. ಬ್ರೆಡ್ಡು ಒಂದು ಕಡೆಗೆ ವಾಲಿಕೊಂಡು ಬೇಯುತ್ತದೆ. ಗಿರಾಕಿಗಳು ಏನೂ ಅನ್ನದೆ ಒಯ್ಯುತ್ತಾರೆ, ಆ ಏನೂ ಅನ್ನದಿರುವುದೇ ಅವನನ್ನು ತಿನ್ನುತ್ತದೆ. ಹಿಂದೆಲ್ಲ ಉಪ್ಪು ಚೂರು ಹೆಚ್ಚಾದರೂ ಬಂದು ಜಗಳವಾಡುತ್ತಿದ್ದ ಜನ.

ಓದು ಮುಂದುವರಿಸುವುದು ಬಿಡುವುದು ಆಮೇಲಿನ ಮಾತು. ಎಲ್ಲಿಗೋ ಹೋಗುವ ಮೊದಲು ಒಂದು ಸಲ ಮನೆಗೆ ಬಂದು ಹೋಗು. ಇಲ್ಲಿ ಯಾರೂ ನಿನಗೆ ಸಮಾಧಾನ ಹೇಳುವುದಿಲ್ಲ, ಹೇಳಲು ಅದು ಯಾರ ಹತ್ತಿರವೂ ಉಳಿದಿಲ್ಲ. ಬಂದು ಸುಮ್ಮನೆ ಮೆಟ್ಟಿಲ ಮೇಲೆ ನಮ್ಮ ಜೊತೆ ಕೂತುಕೋ.

ಅಮ್ಮ ನಿನ್ನನ್ನು ಕೇಳಿದ್ದಾಳೆ. ಹೊಲಿಗೆಯವಳೂ ಕೇಳಿದ್ದಾಳೆ. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ, ಆದರೆ ಮೊದಲು ಮನೆಯ ಕಡೆ ಹೊರಡು.

ನಿನ್ನ
ಅಜ್ಜ

ಮರೆತ ಮಾತು: ಇದನ್ನು ನಿನಗೆ ಹೇಳಬಾರದೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ, ಅಂಚೆಗೆ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಮೆಟ್ಟಿಲ ಮೇಲೆ ಅಷ್ಟೆಲ್ಲ ಮಾತಾಡಿಕೊಂಡ ಮರುದಿನ ಬೆಳಿಗ್ಗೆ ರೇಡಿಯೊ ಕರೆಯದೆಯೇ ಬಂದು ಅಪ್ಪನ ಗಡ್ಡ ಕೆರೆದ. ಹೊಲಿಗೆಯವಳು ಅಪ್ಪನ ಅಂಗಿಯ ಗುಂಡಿಗಳನ್ನು ಕಿತ್ತು, ಒಂದೇ ಕೈಯಲ್ಲಿ ಹಾಕಿಕೊಳ್ಳಲಿ ಎಂದು ಟಿಚ್ ಬಟನ್ ಹೊಲಿದು ತಂದಳು. ಅಪ್ಪ ಅದನ್ನು ತೊಟ್ಟುಕೊಂಡು, ಆಸ್ಪತ್ರೆಗೆ ಹೋಗಿ ಪಟ್ಟಿ ಬದಲಾಯಿಸಿಕೊಂಡು ಬರ್ತೀನಿ ಅಂತ ಅಮ್ಮನಿಗೆ ಹೇಳಿ, ನಿನ್ನ ಊರಿನ ಬಸ್ಸು ಹತ್ತಿದ. ಹಾಸ್ಟೆಲಿನ ಗೇಟಿನ ತನಕ ಬಂದಿದ್ದ. ಹೆಸರು ಬರೆಯಿರಿ ಎಂದು ಕಾವಲುಗಾರ ಪೆನ್ನು ಮುಂದೆ ಹಿಡಿದನಂತೆ. ಇವನಿಗೆ ಜೇಬಿನಿಂದ ಕೈ ತೆಗೆಯಲು ಮನಸ್ಸು ಬರಲಿಲ್ಲ. ನಿಮ್ಮಪ್ಪನ ಕೈಗೆ ಏನಾಯ್ತು ಅಂತ ಅಲ್ಲಿ ಎಲ್ರೂ ಅವಳನ್ನೇ ಕೇಳ್ತಾರೆ, ಮಗು ಏನು ಹೇಳ್ಬೇಕು ಅಂದ ನನ್ನ ಹತ್ತಿರ. ನಿನ್ನ ಕಿಟಕಿ ಯಾವುದೆಂದು ತಿಳಿಯದೆ, ರಸ್ತೆಯ ಆಚೆ ಬದಿಗೆ ನಿಂತು ಎಲ್ಲ ಕಿಟಕಿಗಳನ್ನೂ ಒಂದೊಂದಾಗಿ ನೋಡಿ, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದ.