ಹೆಪ್ಪುಗಟ್ಟದ ರಕ್ತ

ಸಂಡೂರು ಗುಡ್ಡ,
ಫೆಬ್ರವರಿ 30, 2417

ನಮಗಿಂತ ನಾನ್ನೂರು ವರ್ಷ ಮೊದಲು ಬದುಕುತ್ತಿರುವ ಹಿರಿಯರಿಗೆ ಹಂಪವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಡೆದದ್ದು ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಇಲ್ಲಿ ಮಗು ಹುಟ್ಟಿದ ಕೂಡಲೇ ತೋಳಿನ ಚರ್ಮದಡಿ ಅಕ್ಕಿಕಾಳಿನಷ್ಟು ಸಣ್ಣ ಯಂತ್ರ ಕೂರಿಸುತ್ತಾರೆ. ಅದಕ್ಕೆ ಕಾವಲುಕಾಳು ಎನ್ನುತ್ತೇವೆ. ಗಾಯವಾದರೆ ಅದು ರಕ್ತಕ್ಕೆ ಥ್ರಾಂಬಿನ್ ಎಂಬ ಕಿಣ್ವ ಬಿಡುತ್ತದೆ. ರಕ್ತದಲ್ಲಿ ಕರಗಿರುವ ಒಂದು ಪ್ರೋಟೀನನ್ನು ಆ ಕಿಣ್ವ ಕತ್ತರಿಸಿ ನಾರಾಗಿಸುತ್ತದೆ. ನಾರು ಬಲೆಯಂತೆ ಹೆಣೆದುಕೊಂಡು ಗಾಯ ಮುಚ್ಚುತ್ತದೆ. ಈಳಿಗೆಮಣೆ ತಾಗಿದರೂ ನಾವು ತರಕಾರಿ ಹೆಚ್ಚುವುದನ್ನು ನಿಲ್ಲಿಸುವುದಿಲ್ಲ.

ನನ್ನ ತಮ್ಮ ಕೊಟ್ರೇಶ ಹಳೆಯ ಗಣಿಗುಂಡಿಗಳಲ್ಲಿ ಹುಲ್ಲು ಬೆಳೆಸುತ್ತಾನೆ. ಹೋದ ತಿಂಗಳು ಅಲ್ಲಿ ಅವನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಆ ಹಾವಿನ ಸಂತತಿಯೇ ಅಳಿದಿದೆಯೆಂದು ನಂಬಿದ್ದ ನಾವು ಅದರ ವಿಷಕ್ಕೆ ಮದ್ದು ಇಟ್ಟಿರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ವಸಡಿನಿಂದ ರಕ್ತ ಒಸರುತ್ತಿತ್ತು. ಡಾಕ್ಟರ್ ಮೆಹರುನ್ನೀಸಾ ಅವನ ರಕ್ತವನ್ನು ಗಾಜಿನ ನಳಿಕೆಗೆ ತೆಗೆದು ಕಾದರು. ಅದು ಹೆಪ್ಪುಗಟ್ಟದೆ ನೀರಿನಂತೆಯೇ ಉಳಿಯಿತು.

"ಕಾಳಿನ ಜೋರು ಹೆಚ್ಚು ಮಾಡ್ರಿ," ಎಂದೆ.

"ಬ್ಯಾಡ ಹಂಪವ್ವಾ, ಅದನ್ನ ಬಂದ್ ಮಾಡಬೇಕು. ಹಾವಿನ ವಿಷಾನೂ ಹೆಪ್ಪುಗಟ್ಟಿಸೋದೇ," ಎಂದರು ಡಾಕ್ಟರು.

"ಹೆಪ್ಪುಗಟ್ಟಿಸೋದಾದ್ರ ರಕ್ತ ಯಾಕ ಸೋರಾಕತ್ತೈತ್ರಿ?"

"ಮೈತುಂಬ ಸಣ್ಣ ಸಣ್ಣ ಹೆಪ್ಪು ಕಟ್ಟಿ, ನಾರಾಗೋ ಸರಕೆಲ್ಲ ಖರ್ಚಾಗೈತಿ. ಉಳಿದಿದ್ದನ್ನ ಕಾಳು ಖಾಲಿ ಮಾಡ್ತೈತಿ. ಮದ್ದು ತಯಾರಾಗಾಕ ಸಂಜಿ ಆಗ್ತೈತಿ, ಅಲ್ಲೀತನ ತಡೀಬೇಕು."

ಒಮ್ಮೆ ಬಂದ್ ಮಾಡಿದ ಕಾಳು ಮತ್ತೆ ಎಂದೂ ಕೆಲಸ ಮಾಡುವುದಿಲ್ಲ. ಕೊಟ್ರೇಶ ನನ್ನ ಮುಖ ನೋಡಿದ.

"ನಿನಗ ತಿಳೀತೇನಕ್ಕಾ?"

"ಇಲ್ಲೋ."

"ನನಗೂ ಇಲ್ಲ," ಎಂದು ಡಾಕ್ಟರ ಕಡೆ ತೋಳು ಚಾಚಿದ. "ಬಂದ್ ಮಾಡ್ರಿ."

ಸಂಜೆಯವರೆಗೆ ನಾನು ಅವನ ಬಾಯಿ ಒರೆಸುತ್ತ ಕುಳಿತೆ. ಒರೆಸಿದಷ್ಟೂ ಬರುತ್ತಿತ್ತು. ತಪ್ಪು ಮಾಡಿದೆವೋ ಏನೋ ಎಂದು ಎರಡು ಸಲ ಡಾಕ್ಟರನ್ನು ಕರೆಯಲು ಎದ್ದು, ಏನು ಕೇಳಬೇಕೆಂದು ತೋಚದೆ ಮತ್ತೆ ಕುಳಿತೆ. ಕೊನೆಗೆ ಮದ್ದು ಬಂತು. ಮರುದಿನ ಬೆಳಗ್ಗೆ ಡಾಕ್ಟರು ಹೊಸ ರಕ್ತ ತೆಗೆದು, ಕಾದು, ನಳಿಕೆಯನ್ನು ತಲೆಕೆಳಗು ಹಿಡಿದರು. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ನನಗೆ ಅಳು ಬಂತು.

ತಮ್ಮ ಈಗ ಓಡಾಡುತ್ತಿದ್ದಾನೆ. ನಿನ್ನೆ ಜಾಲಿಮುಳ್ಳು ಗೀರಿ ಅವನ ಮೊಣಕಾಲಲ್ಲಿ ರಕ್ತ ಬಂತು. ಕಾಳಿಲ್ಲದವನ ಗತಿ ಏನೆಂದು ಮನೆಮಂದಿಯೆಲ್ಲ ಸುತ್ತ ನಿಂತೆವು. ತುಸು ಹೊತ್ತಿಗೆ ರಕ್ತ ತಾನಾಗಿಯೇ ನಿಂತಿತು. ಆ ಕಿಣ್ವವನ್ನು ಮೈ ತಾನೇ ಮಾಡಿಕೊಳ್ಳುತ್ತದೆಯಂತೆ, ಹಿಂದಿನಿಂದಲೂ. ನಮಗೆ ಯಾರೂ ಹೇಳಿರಲಿಲ್ಲ.

ನಿಮಗೆ ಕಾಳು ಇಲ್ಲವಲ್ಲ, ಅದಕ್ಕೇ ಕೇಳುತ್ತೇನೆ. ಗಾಯವಾಗಿ ರಕ್ತ ನಿಲ್ಲುವ ತನಕ ನೀವು ಏನು ಮಾಡುತ್ತೀರಿ? ಒತ್ತಿ ಹಿಡಿಯುತ್ತೀರೋ, ಊದುತ್ತೀರೋ, ಸುಮ್ಮನೆ ನೋಡುತ್ತ ಕೂರುತ್ತೀರೋ? ದಯವಿಟ್ಟು ಎಲ್ಲಾದರೂ ಬರೆದಿಡಿ. ಹುಡುಕಿ ಓದುತ್ತೇವೆ.