ಸಾವಿನ ಮನೆಯ ಧಾಟಿ

ಗಜೇಂದ್ರಗಡ
ತಾ. ೧೯-೫-೧೯೫೬

ಮುಂಬಯಿಯಲ್ಲಿರುವ ನಮ್ಮ ಯಜಮಾನರಿಗೆ ಕಳಕವ್ವ ಮಾಡುವ ಶರಣಾರ್ಥಿ.

ನಿಮ್ಮ ಕೆಮ್ಮು ಹೇಗಿದೆ? ರೆಕಾರ್ಡಿಂಗ್ ನಡೆದಾಗ ಫ್ಯಾನು ಹಚ್ಚಗೊಡುವುದಿಲ್ಲ, ಬೆವರಿನಲ್ಲೇ ನುಡಿಸಬೇಕು ಎಂದು ಬರೆದಿದ್ದಿರಿ. ಮೈ ಒರೆಸಿಕೊಂಡೇ ಹೊರಗಿನ ಗಾಳಿಗೆ ಹೋಗಿರಿ. ನಾನು ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ.

ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ನೀವು ಗಿಟಾರು ಹಿಡಿದು ಮುಂಬಯಿಗೆ ಹೊರಟಾಗ “ಅಂದಾನಪ್ಗ ಹುಚ್ಚ ಹಿಡದೈತಿ” ಎಂದು ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಅಲ್ಲಿ ಹೋಟೆಲ್ಲಿನ ಬ್ಯಾಂಡಿನಲ್ಲಿದ್ದ ಅಮೆರಿಕದ ಕರಿಯ ವಾದ್ಯಗಾರನೊಬ್ಬ ನಿಮಗೆ ಬ್ಲೂಸ್ ಕಲಿಸಿದ. ಅದು ಅವರ ಜನ ಗುಲಾಮಗಿರಿಯಲ್ಲಿ ಪಟ್ಟ ಸಂಕಟದ ಹಾಡು, ತಂತಿ ಒತ್ತಿ ಎಳೆದರೆ ಗಿಟಾರು ಅಳುತ್ತದೆ ಎಂದು ಬರೆದಿರಿ. ಈಗ ಸಿನಿಮಾ ಹಾಡುಗಳಿಗೆ ಹಿಂದೆ ಕೂತು ನುಡಿಸುತ್ತೀರಿ. ಹಾಡಿದವರ ಹೆಸರು ಗ್ರಾಮಾಫೋನ್ ಪ್ಲೇಟಿನ ಮೇಲೆ ಇರುತ್ತದೆ, ನಿಮ್ಮದು ಎಲ್ಲೂ ಇಲ್ಲ. ಅದಕ್ಕೂ ನಿಮ್ಮ ಪರವಾಗಿ ಇಲ್ಲಿ ಕೂತು ನಾನೇ ಸಿಟ್ಟಾದೆ. ಎಂಥ ಹುಚ್ಚಿ!

ಹೋದ ಸೋಮವಾರ ಅಬ್ಬಿಗೇರಿಯಲ್ಲಿ ನಮ್ಮಕ್ಕ ಸಿದ್ದವ್ವನ ಮಗಳ ಮದುವೆ. ಅರಿಷಿಣ ಹಚ್ಚುವಾಗ ಲೌಡ್‌ಸ್ಪೀಕರಿನಲ್ಲಿ ನೀವು ನುಡಿಸಿದ ಆ ಸಿನಿಮಾದ ಕುಡುಕರ ಕುಣಿತದ ಹಾಡು ಹಾಕಿದರು. “ನಡುವೆ ಗಿಟಾರು ಒಂದೇ ಕೇಳುವ ಜಾಗ ನನ್ನದು” ಎಂದು ಹೆಮ್ಮೆಯಿಂದ ಬರೆದಿದ್ದಿರಲ್ಲ, ಅದನ್ನು ಕೇಳಲು ಬಟ್ಟಲು ಹಿಡಿದುಕೊಂಡೇ ನಿಂತೆ. ಬಂತು. ಹೋದ ವರ್ಷ ನಮ್ಮ ಮಗ ಹೂವಪ್ಪ ತೀರಿಕೊಂಡ ದಿನ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಾಡಿ ಹಾಡಿ ಅತ್ತ ಧಾಟಿ ಅದು. ನನಗೆ ಉಸಿರು ಕಟ್ಟಿದ ಕಡೆ ನಿಮ್ಮ ಗಿಟಾರಿಗೂ ಕಟ್ಟಿತು. ಹಂದರದಲ್ಲಿ ಗಂಡಸರು ಸೀಟಿ ಹೊಡೆದರು. ನಾನು ಅಳುವುದನ್ನು ಕಂಡು ಸಿದ್ದವ್ವ, “ಕಳಕೀ, ಮದಿವಿ ಮನ್ಯಾಗ ಹಿಂಗ ಅಳಬಾರದವಾ, ಒಳಗ ನಡಿ” ಎಂದು ಅಡಿಗೆಮನೆಗೆ ತಳ್ಳಿದಳು.

ಸತ್ತವರ ಮುಂದಲ್ಲದೆ ಆ ಧಾಟಿಯನ್ನು ನಮ್ಮ ಹೆಂಗಸರು ಬಾಯಲ್ಲಿ ತರುವುದಿಲ್ಲ. ನಿಮಗೆ ಗೊತ್ತಿಲ್ಲವೇ? ಆ ದಿನ ನೀವು ಕಂಬಕ್ಕೆ ಒರಗಿ ಕೂತಿದ್ದಿರಿ. ಎಡಗೈ ಬೆರಳುಗಳು ಮೊಣಕಾಲ ಮೇಲೆ ಆಡುತ್ತಿದ್ದವು. ಸಂಕಟಕ್ಕೆ ನಡುಗುತ್ತಿವೆ ಎಂದುಕೊಂಡು, ಅಳುವುದರ ನಡುವೆಯೇ ನಿಮಗೆ ನೀರು ಕೊಡಲು ಹೇಳಿದ್ದೆ. ನೀವು ನನ್ನ ಧಾಟಿಯನ್ನು ಪಾಠ ಮಾಡಿಕೊಳ್ಳುತ್ತಿದ್ದಿರಿ. ಮಗ ನಿಮಗೂ ಮಗನೇ, ಒಪ್ಪಿದೆ. ಹಾಗಾದರೆ ನಿಮ್ಮ ಅಳು ನೀವು ಅಳಬೇಕಿತ್ತು. ನನ್ನದನ್ನು ಒಯ್ದು ಕುಡುಕರಿಗೆ ಕೊಟ್ಟಿರಿ.

ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಕಾಲಕಾಲೇಶ್ವರ ನಿಮ್ಮನ್ನು ಕಾಯಲಿ; ಬೇಡಿಕೊಳ್ಳುವುದನ್ನು ನಾನಿನ್ನೂ ಬಿಟ್ಟಿಲ್ಲ.

ಇಂತಿ,
ಕಳಕವ್ವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ನಿಮ್ಮವ್ವ ನಿನ್ನೆಯಿಂದ ಮಾತಾಡಿಲ್ಲ, ಗಂಟಲಲ್ಲಿ ನೀರೂ ಇಳಿಯುತ್ತಿಲ್ಲ. ರೋಣದಿಂದ ಬಂದ ಡಾಕ್ಟರು “ಮಗನ್ನ ಲಗೂ ಕರಸ್ರಿ” ಎಂದು ಹೇಳಿ ಹೋದರು. ಹೆತ್ತ ತಾಯಿ, ಬರಬೇಡಿರೆನ್ನಲು ನಾನ್ಯಾರು? ಆದರೆ ಅವರ ಮುಂದೆ ಹಾಡಿ ಅಳಬೇಕಾದವಳು ಈ ಮನೆಯಲ್ಲಿ ನಾನೊಬ್ಬಳೇ. ನೀವು ಕೇಳುತ್ತಾ ಕೂತರೆ ನನ್ನ ಬಾಯಿ ತೆರೆಯುವುದಿಲ್ಲ, ಅವರು ಅಳುವವರಿಲ್ಲದೆ ಹೋಗುತ್ತಾರೆ. ಮಣ್ಣು ಮಾಡಿದ ಮೇಲೆ ಬನ್ನಿರಿ.